ವಾರಕ್ಕೊಂದು ಮಡಿ ಸೊಪ್ಪು

ಕೃಷಿ ತರಬೇತಿಗೆ ಹೋಗಬೇಕು, ಯಾವುದಕ್ಕೆ ಹೋಗಲಿ ಅಂತ ನನ್ನನ್ನು ಕೇಳುವವರು ಈಚೆಗೆ ಜಾಸ್ತಿಯಾಗಿದ್ದಾರೆ. ಕೆಲವರು ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ ಮಾಡಿ ಸಾಕಾಗಿ ಹೊಸಕೋಟೆ, ಮಾಲೂರು ಕಡೆ ಎರಡೆಕರೆ ಕೊಂಡವರು. ಕೆಲವರು ನಮ್ಮ ಟೇಕಲ್ ಹೋಬಳಿಯವರೇ. ಮನೆಯಲ್ಲಿ ಮೂವತ್ತು ಗುಂಟೆ ಜಮೀನಿದ್ದೂ ಅದರಲ್ಲಿ ಬದುಕಲು ಆಗುತ್ತಾ ಅನ್ನುವ ಅನುಮಾನದಲ್ಲಿ ದಿನಾ ನರಸಾಪುರದ ಫ್ಯಾಕ್ಟರಿ ಬಸ್ಸು ಹತ್ತುವ ಹುಡುಗರು. ಇಬ್ಬರಿಗೂ ನಾನು ತಿರುಗಿ ಕೇಳುವುದು ಒಂದೇ: ಆ ತರಬೇತಿ ಎಷ್ಟು ದಿನದ್ದು? ಬೀಜ ಹಾಕಿದ ದಿನದಿಂದ ಮಾರಿದ ದಿನದವರೆಗೆ ಇರುತ್ತಾ?

ನನ್ನದು ಒಂದೂ ಕಾಲು ಎಕರೆ. ಮುಕ್ಕಾಲು ಎಕರೆಯಲ್ಲಿ ಮಳೆ ನಂಬಿಕೊಂಡು ರಾಗಿ, ಸಾಲಿನ ಮಧ್ಯೆ ಅವರೆ. ಮಿಕ್ಕ ಇಪ್ಪತ್ತು ಗುಂಟೆಯಲ್ಲಿ ಸೊಪ್ಪು, ಬೀನ್ಸು, ಮೂಲಂಗಿ, ಒಂದಿಷ್ಟು ಟೊಮೆಟೊ. ಬೋರ್‌ವೆಲ್ ನಮ್ಮ ಭಾವನವರ ಜೊತೆ ಪಾಲು. ಮನೆ ನಡೆಯುತ್ತಿರುವುದು ಆ ಇಪ್ಪತ್ತು ಗುಂಟೆಯಿಂದ ಮತ್ತು ಎರಡು ಹಸುವಿನಿಂದ. ರಾಗಿ ಊಟಕ್ಕೆ.

ಒಂದು ದಿನದ ಸಭಾಂಗಣದ ತರಬೇತಿಗಳನ್ನು ನಾನೂ ಸಾಕಷ್ಟು ಕಂಡಿದ್ದೇನೆ. ಯಾರು ಮಾಡಿಸಿದ್ದು ಅನ್ನುವುದು ಬೇಡ, ಎಲ್ಲ ಕಡೆಯೂ ಹೆಚ್ಚುಕಮ್ಮಿ ಒಂದೇ ಥರ. ಹತ್ತೂವರೆಗೆ ಅಂದರೆ ಹನ್ನೊಂದೂವರೆ. ಪ್ರಾರ್ಥನೆ, ದೀಪ, ಹಾರ, ವೇದಿಕೆ ಮೇಲಿರುವ ಒಂಬತ್ತು ಜನರ ಹೆಸರು, ಅವರವರ ಎರಡು ಮಾತು. ಆಮೇಲೆ ಪರದೆ ಮೇಲೆ ಇರುವೆ ಸಾಲಿನಂಥ ಅಕ್ಷರ. ಪಲಾವು, ಜಾಮೂನು ತಿಂದು ಬಂದು ಕೂತು ಕಣ್ಣು ಎಳೆಯುವ ಹೊತ್ತಿಗೆ ಸರಿಯಾಗಿ ‘ಸಮಗ್ರ ಪೀಡೆ ನಿರ್ವಹಣೆ’. ಕೊನೆಗೆ ಬ್ಯಾಗು, ಪ್ರಮಾಣಪತ್ರ, ಬ್ಯಾನರ್ ಮುಂದೆ ಫೋಟೊ. ಹೇಳಿದವರು ಸುಳ್ಳು ಹೇಳಿರುವುದಿಲ್ಲ, ಓದಿದವರು, ಹೇಳಿದ್ದೆಲ್ಲ ಸರಿಯೇ ಇರುತ್ತದೆ. ಆದರೆ ಜನವರಿಯಲ್ಲಿ ಕೇಳಿದ್ದು ಜುಲೈನಲ್ಲಿ ಎಲೆ ಮುದುಡಿದಾಗ ನೆನಪಿಗೆ ಬರುವುದಿಲ್ಲ. ಬಂದರೂ, ನನ್ನ ಗಿಡದ ಎಲೆ ಮುದುಡಿರುವುದು ಅವರು ತೋರಿಸಿದ ರೋಗದಿಂದಲೋ ಬಿಸಿಲಿನಿಂದಲೋ ಅನ್ನುವುದನ್ನು ಆ ಫೋಟೊ ನೋಡಿ ಹೇಳಲು ಆಗುವುದಿಲ್ಲ.

ನನಗೆ ಕೆಲಸಕ್ಕೆ ಬಂದಿದ್ದು ಬೇರೆ ಥರದ್ದು. ಅದರ ಹೆಸರು ರೈತರ ಕ್ಷೇತ್ರ ಪಾಠಶಾಲೆ. ಇದು ಹುಟ್ಟಿದ್ದು ಇಂಡೋನೇಷ್ಯಾದಲ್ಲಿ. ಅಲ್ಲಿ ಭತ್ತಕ್ಕೆ ಕಂದು ಜಿಗಿಹುಳು ವಿಪರೀತ ಬಿದ್ದು, ಔಷಧಿ ಹೊಡೆದಷ್ಟೂ ಅದು ಹೆಚ್ಚಾಗುತ್ತಾ ಹೋಯಿತು. ಹುಳು ತಿನ್ನುವ ಜೇಡಗಳು ಮೊದಲು ಸಾಯುತ್ತಿದ್ದವು, ಜಿಗಿಹುಳುವಿನ ಮೊಟ್ಟೆ ಗರಿಯ ಒಳಗೆ ಭದ್ರವಾಗಿರುತ್ತಿತ್ತು. 1986ರಲ್ಲಿ ಅಲ್ಲಿನ ಸರ್ಕಾರ ಭತ್ತಕ್ಕೆ ಹೊಡೆಯುತ್ತಿದ್ದ 57 ಕೀಟನಾಶಕಗಳನ್ನು ನಿಷೇಧಿಸಿತು. ನಿಷೇಧಿಸಿದ ಮೇಲೆ ರೈತರು ಏನು ಮಾಡಬೇಕು? ಅದಕ್ಕೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ 1989ರಲ್ಲಿ ಗದ್ದೆಯಲ್ಲೇ ಪಾಠಶಾಲೆ ಶುರುವಾಯಿತು. ಇಪ್ಪತ್ತು ಇಪ್ಪತ್ತೈದು ಜನ, ವಾರಕ್ಕೊಂದು ಬೆಳಿಗ್ಗೆ, ನಾಟಿಯಿಂದ ಕೊಯ್ಲಿನವರೆಗೆ. ಆಮೇಲೆ ಅದು ಎಷ್ಟೋ ದೇಶಕ್ಕೆ, ನಮ್ಮ ದೇಶಕ್ಕೂ ಬಂತು. ನಮ್ಮೂರಿಗೆ ಬಂದಾಗ ನಾನು ಮದುವೆಯಾಗಿ ಬಂದು ಕೆಲವೇ ವರ್ಷ ಆಗಿತ್ತು. ತರಬೇತಿ ನಡೆದದ್ದು ಊರಾಚೆಯ ಒಂದು ಟೊಮೆಟೊ ತಾಕಿನಲ್ಲಿ, ಹುಣಸೆ ಮರದ ಕೆಳಗೆ. ಬ್ಯಾನರ್ ಇರಲಿಲ್ಲ.

ಅಲ್ಲಿ ಮಾಡುತ್ತಿದ್ದ ಕೆಲಸ ಹೀಗೆ. ಐದೈದು ಜನರ ಗುಂಪು. ಪ್ರತಿ ಗುಂಪೂ ತಾಕಿನ ಒಳಗೆ ಹೋಗಿ ಹತ್ತು ಗಿಡ ಆರಿಸಿಕೊಂಡು ಬುಡದಿಂದ ತುದಿವರೆಗೆ ನೋಡಬೇಕು. ಎಷ್ಟು ಎಲೆ, ಎಷ್ಟು ಹೂ, ಎಷ್ಟು ಹುಳು, ಎಷ್ಟು ಜೇಡ, ಮಣ್ಣು ಎಷ್ಟು ಒದ್ದೆ. ವಾಪಸ್ ಬಂದು ದೊಡ್ಡ ಹಾಳೆ ಮೇಲೆ ಬಣ್ಣದ ಕಡ್ಡಿಯಲ್ಲಿ ಗಿಡದ ಚಿತ್ರ ಬರೆಯಬೇಕು. ಕೆಡುಕು ಮಾಡುವ ಹುಳು ಒಂದು ಕಡೆ, ಒಳ್ಳೆಯ ಹುಳು ಇನ್ನೊಂದು ಕಡೆ. ಆಮೇಲೆ ಗುಂಪಿನಲ್ಲೊಬ್ಬರು ಎದ್ದು ನಿಂತು ಈ ವಾರ ಏನು ಮಾಡಬೇಕು, ಏನು ಮಾಡಬಾರದು ಅಂತ ಹೇಳಬೇಕು. ಮಿಕ್ಕವರು ಜಗಳ ಆಡಬಹುದು. ಅಕ್ಷರ ಬರದ ನಮ್ಮತ್ತೆ ಮೊದಲ ವಾರ ಬಣ್ಣದ ಕಡ್ಡಿ ಮುಟ್ಟಲಿಲ್ಲ. ಮೂರನೆಯ ವಾರಕ್ಕೆ ಬಿಳಿ ನೊಣ ಬರೆಯುವುದರಲ್ಲಿ ಅವರನ್ನು ಬಿಟ್ಟರೆ ಇಲ್ಲ ಅನ್ನುವ ಹಾಗಾಗಿತ್ತು. ರೆಕ್ಕೆಗೆ ಬಣ್ಣ ಹಾಕದೆ ಹಾಳೆಯ ಬಿಳಿಯನ್ನೇ ಬಿಡುತ್ತಿದ್ದರು.

ಅವತ್ತಿನ ಪಾಠಗಳಲ್ಲಿ ನಾನು ಇವತ್ತಿಗೂ ಹೊಸಬರಿಗೆ ಮೊದಲು ಮಾಡಿಸುವುದು ಬಾಟಲಿ ಪಾಠ. ಅವರೆ ಗಿಡದ ಕುಡಿಯಲ್ಲಿ ಕಪ್ಪಗೆ ಮುತ್ತಿಕೊಂಡ ಹೇನು ನೋಡಿರುತ್ತೀರಿ. ಅದರ ಮಧ್ಯೆ ಮೈಮೇಲೆ ಕಿತ್ತಳೆ ಚುಕ್ಕೆಯ, ಮುಳ್ಳುಮುಳ್ಳಾದ, ನೋಡಿದರೆ ಅಸಹ್ಯ ಅನ್ನಿಸುವ ಸಣ್ಣ ಮರಿಹುಳು ಓಡಾಡುತ್ತಿರುತ್ತದೆ. ಕಂಡವರೆಲ್ಲ ಅದನ್ನೇ ಮೊದಲು ಹೊಸಕುತ್ತಾರೆ. ಅದನ್ನು ಹೇನಿರುವ ಕುಡಿಯ ಸಮೇತ ಒಂದು ಗಾಜಿನ ಬಾಟಲಿಗೆ ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿ, ನೆರಳಲ್ಲಿಡಿ. ಹೇನು ಎಣಿಸಿ ಬರೆದುಕೊಳ್ಳಿ. ಮಾರನೆ ದಿನ ಮತ್ತೆ ಎಣಿಸಿ. ಅದು ಗುಲಗಂಜಿ ಹುಳುವಿನ ಮರಿ. ಅದರ ಹೊಟ್ಟೆ ಎಷ್ಟು ದೊಡ್ಡದು ಅಂತ ಒಂದು ಸಲ ಕಣ್ಣಾರೆ ಕಂಡವರು ಅವರೆಗೆ ಔಷಧಿ ಹೊಡೆಯುವ ಮೊದಲು ಎರಡು ದಿನ ತಡೆಯುತ್ತಾರೆ. ನಾನು ಬಾಯಲ್ಲಿ ಇದನ್ನೇ ಎಷ್ಟೋ ಜನಕ್ಕೆ ಹೇಳಿದ್ದೇನೆ, ಒಬ್ಬರೂ ತಡೆದಿದ್ದು ಕಾಣೆ. ಬಾಟಲಿ ನೋಡಿದವರು ತಡೆದಿದ್ದಾರೆ.

ಇನ್ನೊಂದು, ಅರ್ಧ ಮಡಿ. ನಮ್ಮ ಕಡೆ ಮಣ್ಣಿಗೆ ಹಾಕುವ ಜೀವಾಮೃತದ ವಿಷಯ ಬಂದರೆ ಸಾಕು, ಊರು ಎರಡಾಗುತ್ತದೆ. 200 ಲೀಟರ್ ನೀರಿನ ಡ್ರಮ್ಮಿಗೆ 10 ಕೆ.ಜಿ. ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕೆ.ಜಿ. ಬೆಲ್ಲ, 2 ಕೆ.ಜಿ. ದ್ವಿದಳ ಧಾನ್ಯದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ನೆರಳಲ್ಲಿಟ್ಟು ಬೆಳಿಗ್ಗೆ ಸಂಜೆ ತಿರುವುವುದು. ಇಷ್ಟು ಎಲ್ಲರಿಗೂ ಬಾಯಿಪಾಠ. ಹಾಕಿದರೆ ಸಾಕು ಬೇರೇನೂ ಬೇಡ ಅನ್ನುವವರು ಒಂದು ಕಡೆ, ಬೆಲ್ಲ ದಂಡ ಅನ್ನುವವರು ಇನ್ನೊಂದು ಕಡೆ. ಇಬ್ಬರ ಮಾತೂ ಬೇಡ. ಒಂದೇ ಮಡಿಯಲ್ಲಿ, ಒಂದೇ ಬೀಜ, ಒಂದೇ ದಿನ ಬಿತ್ತಿ, ಅರ್ಧಕ್ಕೆ ಹಾಕಿ, ಅರ್ಧಕ್ಕೆ ಬರೀ ನೀರು ಬಿಡಿ. ಮಧ್ಯೆ ಒಂದು ಕಡ್ಡಿ ನೆಡಿ. ಕೊಯ್ದಾಗ ಎರಡನ್ನೂ ತೂಕ ಮಾಡಿ. ನನ್ನ ತಾಕಿನಲ್ಲಿ ಕೊಟ್ಟಿಗೆ ಗೊಬ್ಬರ ಚೆನ್ನಾಗಿ ತಿಂದ ಮಡಿಯಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ನೀಲಗಿರಿ ಕಿತ್ತ ಮೂಲೆಯಲ್ಲಿ ಸೊಪ್ಪಿನ ಬಣ್ಣ ಸ್ವಲ್ಪ ಬೇರೆಯೇ ಇತ್ತು. ನಿಮ್ಮ ಮಣ್ಣಲ್ಲಿ ಏನಾಗುತ್ತದೋ ನೀವು ನೋಡಿ. ಈ ಅರ್ಧ ಮಡಿಯ ಅಭ್ಯಾಸ ಒಂದು ಇದ್ದರೆ ಯೂಟ್ಯೂಬಿನ ‘ಒಂದೇ ಎಕರೆಯಲ್ಲಿ ತಿಂಗಳಿಗೆ ಲಕ್ಷ’ ಅಣ್ಣಂದಿರನ್ನೂ ಧೈರ್ಯವಾಗಿ ನೋಡಬಹುದು.

ಈಗ ಲೆಕ್ಕಕ್ಕೆ ಬರುತ್ತೇನೆ. ಸಣ್ಣ ಹಿಡುವಳಿಯವರಿಗೆ ಕಲಿಸಬೇಕಾದದ್ದು ಬೆಳೆಯುವುದನ್ನಲ್ಲ ಅಂತ ನಾನು ಹೇಳಿದರೆ ತರಬೇತಿ ಮಾಡುವವರಿಗೆ ಸಿಟ್ಟು ಬರುತ್ತದೆ. ನಮ್ಮ ಕೋಲಾರದವರಿಗೆ ತರಕಾರಿ ಬೆಳೆಯುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಸಾವಿರ ಅಡಿ ಕೆಳಗಿನ ನೀರು ಎತ್ತಿ ಬೆಳೆದು ದೇಶಕ್ಕೆಲ್ಲ ಟೊಮೆಟೊ ಕಳಿಸುವವರು. ಕೈ ಕೊಡುತ್ತಿರುವುದು ತಾರೀಖು. ಎಲ್ಲವನ್ನೂ ಒಂದೇ ದಿನ ಬಿತ್ತುವುದು, ಎಲ್ಲವೂ ಒಂದೇ ದಿನ ಬರುವುದು, ಆ ದಿನ ಮಾರುಕಟ್ಟೆಯಲ್ಲಿ ಎಲ್ಲರ ಮಾಲೂ ಇರುವುದು. 2023ರ ಜುಲೈ ನೆನಪಿದೆಯಲ್ಲ? ಕೋಲಾರ ಎಪಿಎಂಸಿಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿದ್ದನ್ನು ನೋಡಿ ಸಿಕ್ಕಿದ ಜಾಗದಲ್ಲೆಲ್ಲ ನಾಟಿ ಹಾಕಿದರು. ಟೊಮೆಟೊ ನಾಟಿ ಮಾಡಿದ ಎರಡು, ಎರಡೂವರೆ ತಿಂಗಳಿಗೆ ಹಣ್ಣು ಬರುತ್ತದೆ. ಸೆಪ್ಟೆಂಬರ್ ಹೊತ್ತಿಗೆ ಬೆಲೆ ಎಲ್ಲಿಗೆ ಬಿದ್ದಿತ್ತು ಅಂತ ನಮ್ಮ ರಸ್ತೆ ಬದಿಯಲ್ಲಿ ಸುರಿದಿದ್ದ ರಾಶಿಗಳೇ ಹೇಳುತ್ತಿದ್ದವು.

ಟೊಮೆಟೊದ ಜೂಜು ದೊಡ್ಡವರಿಗಿರಲಿ. ಇಪ್ಪತ್ತು ಗುಂಟೆಯವಳಿಗೆ ಬೇಕಾದದ್ದು ವಾರ ವಾರ ಬರುವ ದುಡ್ಡು. ಅದಕ್ಕೆ ಒಂದು ಗುಂಟೆಯ ಲೆಕ್ಕ ಸಾಕು. ಗುಂಟೆ ಅಂದರೆ 33 ಅಡಿಗೆ 33 ಅಡಿ. ಅದರಲ್ಲಿ ಮೂರಡಿ ಅಗಲದ ಏರು ಮಡಿ, ಮಧ್ಯೆ ಓಡಾಡಲು ಒಂದೂವರೆ ಅಡಿ ಬಿಟ್ಟರೆ ಏಳು ಮಡಿ ಕೂರುತ್ತವೆ. ಉದ್ದ ಮೂವತ್ತಡಿ ಇಟ್ಟುಕೊಳ್ಳಿ, ಆ ಕಡೆ ಈ ಕಡೆ ತಿರುಗಲು ಜಾಗ ಬೇಕಲ್ಲ. ಮೂರಡಿ ಯಾಕೆಂದರೆ ಕೂತ ಜಾಗದಿಂದ ಕೈ ಮಡಿಯ ನಡುವಿಗೆ ಎಟುಕಬೇಕು, ಮಡಿ ಮೇಲೆ ಕಾಲಿಡಬಾರದು. ಕೊತ್ತಂಬರಿ ಬಿತ್ತಿದ ನಲವತ್ತು ದಿನಕ್ಕೆ ಕೀಳಲು ಬರುತ್ತದೆ, ಅಂದರೆ ಹೆಚ್ಚುಕಮ್ಮಿ ಆರು ವಾರ. ವಾರಕ್ಕೊಂದು ಮಡಿ ಬಿತ್ತುತ್ತಾ ಹೋದರೆ ಆರು ಮಡಿಯಲ್ಲಿ ಆರು ವಯಸ್ಸಿನ ಸೊಪ್ಪು, ಏಳನೆಯದು ಕಿತ್ತು ಗೊಬ್ಬರ ತಿನ್ನುತ್ತಾ ಮುಂದಿನ ಬಿತ್ತನೆಗೆ ಕಾಯುತ್ತಿರುತ್ತದೆ. ಒಂದು ಮಡಿಗೆ ನನಗೆ ಐವತ್ತು ಅರವತ್ತು ಕಟ್ಟು ಸಿಗುತ್ತದೆ. ಒಂದು ಗುಂಟೆಯಿಂದ ವಾರಕ್ಕೆ ಐವತ್ತು ಕಟ್ಟು ಕೊತ್ತಂಬರಿ, ವರ್ಷವೆಲ್ಲ. ಮೆಂತ್ಯ, ಹರಿವೆ ಇಪ್ಪತ್ತೈದು ಮೂವತ್ತು ದಿನದವು. ಅವಕ್ಕೆ ನಾಲ್ಕೈದು ಮಡಿ ಸಾಕು. ಪಾಲಕ್ ಒಂದು ಸಲ ಬಿತ್ತಿದರೆ ಕೊಯ್ದು ಕೊಯ್ದು ಮತ್ತೆ ಚಿಗುರುತ್ತದೆ, ಅದರ ಲೆಕ್ಕ ಬೇರೆ. ನಾನು ಹೊಸಬರಿಗೆ ಮೊದಲ ದಿನ ಗುದ್ದಲಿ ಕೊಡುವ ಮೊದಲು ಕ್ಯಾಲೆಂಡರ್ ಕೊಡುತ್ತೇನೆ. ನಮ್ಮ ಮನೆಯ ಗೋಡೆ ಮೇಲಿರುವ ಪಂಚಾಂಗದ ಕ್ಯಾಲೆಂಡರೇ, ಪ್ರತಿ ಬುಧವಾರದ ಮನೆಯಲ್ಲಿ ಯಾವ ಮಡಿಗೆ ಏನು ಅಂತ ಬರೆದಿರುತ್ತದೆ.

ಪಂಚಾಂಗವೇ ಯಾಕೆಂದರೆ ಹಬ್ಬ ಅದರಲ್ಲಿದೆ. ಆಯುಧಪೂಜೆಗೆ ಬೂದುಗುಂಬಳ ಬೇಕು ಅಂದರೆ ಅದು ನಾಲ್ಕು ತಿಂಗಳ ಬೆಳೆ, ಬೀಜ ಜೂನ್ ಮೊದಲಿಗೇ ಮಣ್ಣು ಸೇರಿರಬೇಕು. ಪಿತೃಪಕ್ಷಕ್ಕೆ ಎಲ್ಲ ಥರದ ತರಕಾರಿಯೂ ಕೇಳುತ್ತಾರೆ, ಐವತ್ತು ಕೆ.ಜಿ. ಒಂದೇ ತರಕಾರಿ ಇಟ್ಟುಕೊಂಡವನಿಗಿಂತ ಎಂಟು ಥರ ಐದೈದು ಕೆ.ಜಿ. ಇಟ್ಟುಕೊಂಡವಳಿಗೆ ಆ ಹದಿನೈದು ದಿನ ಒಳ್ಳೆಯ ವ್ಯಾಪಾರ. ಹೀಗೆ ಹಿಂದಕ್ಕೆ ಎಣಿಸುವುದು ಹುಳುವಿನ ಕಾಟಕ್ಕೂ ಬರುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಟೊಮೆಟೊ ಕಾಯಿಕೊರಕಕ್ಕೆ ಹೇಳುವ ಚೆಂಡು ಹೂವಿನ ಉಪಾಯ ಎಲ್ಲರೂ ಕೇಳಿರುತ್ತಾರೆ: ಹದಿನಾರು ಸಾಲು ಟೊಮೆಟೊಗೆ ಒಂದು ಸಾಲು ಚೆಂಡು ಹೂ. ಬಹಳ ಜನ ಎರಡನ್ನೂ ಒಟ್ಟಿಗೆ ಒಟ್ಲು ಹಾಕಿ ಒಟ್ಟಿಗೆ ನೆಟ್ಟು, ಏನೂ ಪ್ರಯೋಜನ ಆಗಲಿಲ್ಲ ಅನ್ನುತ್ತಾರೆ. ಅವರು ಹೇಳಿರುವುದು 45 ದಿನದ ಚೆಂಡು ಹೂ ಸಸಿ, 25 ದಿನದ ಟೊಮೆಟೊ ಸಸಿ. ಆಗಲೇ ಎರಡೂ ಒಟ್ಟಿಗೆ ಹೂ ಬಿಡುವುದು, ಚಿಟ್ಟೆ ಮೊಟ್ಟೆ ಇಡಲು ಹಳದಿ ಹೂವಿಗೆ ಹೋಗುವುದು. ಆ ಇಪ್ಪತ್ತು ದಿನವೇ ಉಪಾಯ. ಬೇವಿನ ಬೀಜದ್ದೂ ಹಾಗೇ. ಐದು ಕೆ.ಜಿ. ಬೀಜದ ತಿರುಳು ಪುಡಿ ಮಾಡಿ ರಾತ್ರಿ ನೆನೆಸಿ ಸೋಸಿ ನೂರು ಲೀಟರ್ ಮಾಡಿ, ಸ್ವಲ್ಪ ಸೋಪು ನೀರು ಸೇರಿಸಿ ಹೊಡೆಯುವ ಕಷಾಯ ಹೇಳಿಕೊಡುವುದು ಸುಲಭ. ಬೇವಿನ ಹಣ್ಣು ಉದುರುವ ಹೊತ್ತಿಗೆ ಆರಿಸಿ, ತೊಳೆದು, ನೆರಳಲ್ಲಿ ಒಣಗಿಸಿಟ್ಟುಕೊಳ್ಳದವರು ಕಾರ್ತಿಕದಲ್ಲಿ ಎಲ್ಲಿಂದ ತರುತ್ತಾರೆ?

ನೀರಿನದು ಇನ್ನೊಂದು ಬೆಳಿಗ್ಗೆಯ ಪಾಠ, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಡ್ರಿಪ್ ಪೈಪಿಗೆ ಸಬ್ಸಿಡಿ ಸಿಗುತ್ತದೆ, ಕಂಪನಿಯವರು ಬಂದು ಎಳೆದು ಹೋಗುತ್ತಾರೆ, ಎಷ್ಟು ಹೊತ್ತು ಬಿಡಬೇಕು ಅಂತ ಯಾರೂ ಹೇಳುವುದಿಲ್ಲ. ನಮ್ಮಲ್ಲಿ ಅದಕ್ಕಿರುವ ಉತ್ತರ ‘ತ್ರೀ ಫೇಸ್ ಇರೋವರ್ಗೂ’, ಅಂದರೆ ಪಂಪಿನ ಕರೆಂಟು ಇರುವವರೆಗೆ. ಒಂದು ಲೋಟ, ಒಂದು ಮೊಬೈಲ್ ತಗೊಳ್ಳಿ. ಮಡಿಯ ಶುರುವಿನ ತೂತಿನ ಕೆಳಗೆ ಲೋಟ ಇಟ್ಟು ಆರು ನಿಮಿಷ ಹಿಡಿಯಿರಿ. ಗಂಟೆಗೆ ಎರಡು ಲೀಟರ್ ಅಂತ ಕಂಪನಿ ಬರೆದಿದ್ದರೆ 200 ಮಿ.ಲೀ. ಬರಬೇಕು. ಕೊನೆಯ ತೂತಿನಲ್ಲೂ ಹಿಡಿಯಿರಿ. ಅಲ್ಲಿ ಅರ್ಧ ಬಂದರೆ ಪೈಪು ಕಟ್ಟಿದೆ ಅಥವಾ ಫಿಲ್ಟರ್ ತೊಳೆದು ಯುಗವಾಗಿದೆ. ಎರಡೂ ಸರಿ ಇದ್ದರೆ ಲೆಕ್ಕ ಹೀಗೆ: ಮೂವತ್ತಡಿ ಮಡಿಗೆ ಎರಡು ಪೈಪು, 30 ಸೆಂ.ಮೀ.ಗೊಂದು ತೂತು, ಒಟ್ಟು ಅರವತ್ತು ತೂತು, ಗಂಟೆಗೆ 120 ಲೀಟರ್. ಮಡಿಯ ವಿಸ್ತೀರ್ಣ ಎಂಟೂವರೆ ಚದರ ಮೀಟರ್‌ಗೆ ಸ್ವಲ್ಪ ಕಡಿಮೆ. ಬೇಸಿಗೆಯಲ್ಲೂ ದಿನಕ್ಕೆ ಐದು ಮಿ.ಮೀ. ನೀರು ಕೊಟ್ಟರೆ ಸೊಪ್ಪಿಗೆ ಸಾಕು ಅಂದುಕೊಂಡರೆ 42 ಲೀಟರ್. ಅಂದರೆ ಇಪ್ಪತ್ತು ನಿಮಿಷ ಚಿಲ್ಲರೆ. ಈ ಲೆಕ್ಕವನ್ನು ಮೊದಲ ಸಲ ಮರದ ಕೆಳಗೆ ಹಾಕಿದಾಗ ನಮ್ಮ ಭಾವನವರು ನಂಬಲಿಲ್ಲ. “ಇಪ್ಪತ್ತು ನಿಮಿಷಕ್ಕೆ ಗಿಡದ ಬಾಯಿ ಒದ್ದೆ ಆಗಲ್ಲಮ್ಮ” ಅಂದರು. ಗುದ್ದಲಿ ತಂದು ಎರಡು ಗಂಟೆ ನೀರು ಬಿಟ್ಟ ಮಡಿಯನ್ನು ಅಗೆದು ನೋಡಿದೆವು. ಬೇರು ಇದ್ದದ್ದು ಗೇಣುದ್ದ, ನೀರು ಇಳಿದಿದ್ದು ಮೊಳ ದಾಟಿ. ಮಿಕ್ಕ ನೀರು ಯಾರ ಪಾಲಿಗೂ ಇಲ್ಲ. ಇಬ್ಬರ ಪಾಲಿನ ಬೋರ್‌ವೆಲ್‌ನಲ್ಲಿ ಆ ನೀರು ಅಂದರೆ ಜಗಳ. ಆವತ್ತಿನಿಂದ ನಮ್ಮ ಎರಡು ಮನೆಯ ನಡುವೆ ನೀರಿನ ಮಾತು ಕಡಿಮೆಯಾಗಿದೆ. ಮಣ್ಣು ಮರಳುಮರಳಾಗಿದ್ದರೆ ಅದೇ ಇಪ್ಪತ್ತು ನಿಮಿಷವನ್ನು ಎರಡು ಸಲಕ್ಕೆ ಒಡೆದು ಕೊಡಬೇಕು, ಅಷ್ಟೇ.

ಬೀಜದ ಪಾಠ ಚಿಕ್ಕದು. ನೂರು ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡುವುದು, ಮೊಳಕೆ ಎಣಿಸುವುದು. ಎಂಬತ್ತು ಬಂದರೆ ಬಿತ್ತು, ಐವತ್ತು ಬಂದರೆ ಅಂಗಡಿಗೆ ವಾಪಸ್ ತಗೊಂಡು ಹೋಗಿ ಜಗಳ ಆಡು. ಕೊತ್ತಂಬರಿಯನ್ನು ಚಪ್ಪಲಿಯಿಂದ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ ಬಿತ್ತುವುದು ನಮ್ಮಮ್ಮನ ಕಾಲದ್ದೇ.

ಮಣ್ಣು ಪರೀಕ್ಷೆಗೆ ಮಣ್ಣು ತೆಗೆಯುವುದನ್ನೂ ಕೈಯಿಂದ ಮಾಡಿಯೇ ಕಲಿಯಬೇಕು. ಇಂಗ್ಲಿಷಿನ ವಿ ಆಕಾರದಲ್ಲಿ ಆರು ಇಂಚು ಗುಂಡಿ, ಅಂಕುಡೊಂಕಾಗಿ ಎಂಟು ಹತ್ತು ಕಡೆ, ಎಲ್ಲ ಕಲಸಿ, ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡು ಭಾಗ ಎಸೆದು, ಹಾಗೇ ಮಾಡುತ್ತಾ ಅರ್ಧ ಕೆ.ಜಿ. ಉಳಿಸಿಕೊಳ್ಳುವುದು. ತಿಪ್ಪೆ ಪಕ್ಕ, ಮರದ ಬುಡ, ಬದುವಿನ ಹತ್ತಿರ ತೆಗೆಯಬಾರದು. ಬಾಗಿಲ ಹತ್ತಿರವೇ ಒಂದು ಹಿಡಿ ತುಂಬಿ ಕಳಿಸಿ, ಬಂದ ಕಾರ್ಡು ನೋಡಿ ಗೊಬ್ಬರ ಹಾಕುವವರು ಬಹಳ.

ಮಾರುವ ಪಾಠವನ್ನು ಯಾವ ತರಬೇತಿಯಲ್ಲೂ ಸರಿಯಾಗಿ ಮಾಡಿದ್ದನ್ನು ನಾನು ಕಂಡಿಲ್ಲ. ‘ಮಾರುಕಟ್ಟೆ ಸಂಪರ್ಕ’ ಅಂತ ಒಂದು ಗಂಟೆ ಇರುತ್ತದೆ, ಅದರಲ್ಲಿ ‘ದಳ್ಳಾಳಿಗಳನ್ನು ದೂರವಿಡಿ’ ಅನ್ನುತ್ತಾರೆ. ದಳ್ಳಾಳಿ ನನ್ನ ಮಾವನವರ ಆಪರೇಷನ್ನಿಗೆ ರಾತ್ರೋರಾತ್ರಿ ದುಡ್ಡು ಕೊಟ್ಟವನು. ದೂರವಿಡುವ ಮೊದಲು ಆ ಕೆಲಸ ಯಾರು ಮಾಡುತ್ತಾರೆ ಅಂತ ಹೇಳಬೇಕಲ್ಲ. ನಾನು ಕಲಿಸುವುದು ಇಷ್ಟು: ಸಂಜೆ ಬಿಸಿಲು ಇಳಿದ ಮೇಲೆ ಕೀಳುವುದು, ಬೇರಿನ ಮಣ್ಣು ತೊಳೆಯುವುದು, ಬಾಳೆ ನಾರಿನಲ್ಲಿ ಒಂದೇ ಗಾತ್ರದ ಕಟ್ಟು ಕಟ್ಟುವುದು, ಒದ್ದೆ ಗೋಣಿ ಹೊದಿಸಿ ಮಂಕರಿಯಲ್ಲಿ ನಿಲ್ಲಿಸಿಡುವುದು. ಬೆಳಿಗ್ಗೆ ಮಾರಿಕುಪ್ಪಂ ಕಡೆಯಿಂದ ಬರುವ ಪ್ಯಾಸೆಂಜರ್ ರೈಲಿಗೆ ಟೇಕಲ್‌ನಲ್ಲಿ ಹತ್ತಿದರೆ ವೈಟ್‌ಫೀಲ್ಡ್. ಅಲ್ಲಿ ಎರಡು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪುಗಳಲ್ಲಿ ನಾನಿದ್ದೇನೆ. ಹಿಂದಿನ ದಿನ ಮಧ್ಯಾಹ್ನ ಏನೇನು ಇದೆ ಅಂತ ಹಾಕುತ್ತೇನೆ, ಅವರು ಬರೆಯುತ್ತಾರೆ, ಬರೆದಷ್ಟೇ ಕೀಳುತ್ತೇನೆ. ಮಿಕ್ಕಿದ್ದು ಎಂದಿನಂತೆ ಮಂಡಿಗೆ. ಎರಡೂ ಇರಬೇಕು. ಅಪಾರ್ಟ್‌ಮೆಂಟಿನವರು ಬೇಸಿಗೆ ರಜೆಗೆ ಊರಿಗೆ ಹೋದಾಗ ಸೊಪ್ಪು ಬೆಳೆಯುವುದನ್ನು ನಿಲ್ಲಿಸುವುದಿಲ್ಲ.

ಅಪಾರ್ಟ್‌ಮೆಂಟಿನವರಲ್ಲಿ ಕೆಲವರು ಸಾವಯವದ ಸರ್ಟಿಫಿಕೇಟ್ ಕೇಳುತ್ತಾರೆ. ಸಣ್ಣವರಿಗೆ ಇರುವ ದಾರಿ ಪಿಜಿಎಸ್, ಅಂದರೆ ಊರಿನ ರೈತರೇ ಗುಂಪು ಮಾಡಿಕೊಂಡು ಒಬ್ಬರ ಹೊಲವನ್ನು ಇನ್ನೊಬ್ಬರು ನೋಡಿ ಸಹಿ ಹಾಕುವ ವ್ಯವಸ್ಥೆ. ಕಾಗದಕ್ಕಿಂತ ಒಬ್ಬರ ಹೊಲಕ್ಕೆ ಇನ್ನೊಬ್ಬರು ಕಾಲಿಡುವುದೇ ಅದರ ಲಾಭ ಅಂತ ನನಗೆ ಅನ್ನಿಸಿದೆ. ನಮ್ಮ ಊರಲ್ಲಿ ಪಕ್ಕದ ಹೊಲದವರು ಏನು ಹೊಡೆಯುತ್ತಾರೆ ಅಂತ ನೋಡುವುದು ಬದುವಿನ ಈ ಕಡೆಯಿಂದ ಮಾತ್ರ.

ಮತ್ತೆ ಒಂದು ನೋಟ್‌ಬುಕ್. ಬಲಗಡೆ ಬಂದದ್ದು, ಎಡಗಡೆ ಹೋದದ್ದು. ಎಡಗಡೆ ನನ್ನ ಕೂಲಿಯನ್ನೂ ಬರೆಯುತ್ತೇನೆ, ಊರಲ್ಲಿ ಹೆಣ್ಣಾಳಿಗೆ ಎಷ್ಟು ಕೊಡುತ್ತಾರೋ ಅಷ್ಟೇ. ಹೀಗೆ ಬರೆದ ಮೇಲೆಯೇ ಬದನೆ ಬಿಟ್ಟಿದ್ದು. ನೋಡಲು ದುಡ್ಡು ಬರುತ್ತಿತ್ತು. ಕಾಯಿ ಆರಿಸಿ ತೂತು ಬಿದ್ದದ್ದನ್ನು ಎಸೆಯುವ ಹೊತ್ತಿನ ಕೂಲಿ ಸೇರಿಸಿದರೆ ಏನೂ ಉಳಿಯುತ್ತಿರಲಿಲ್ಲ.

ಕೂಲಿಯ ಮಾತು ಬಂದ ಮೇಲೆ ಇದನ್ನೂ ಹೇಳಿಬಿಡುತ್ತೇನೆ. ಸೊಪ್ಪಿನ ಕೆಲಸದಲ್ಲಿ ಬಿತ್ತುವುದು, ಕಳೆ ತೆಗೆಯುವುದು, ಕೀಳುವುದು, ಕಟ್ಟುವುದು ಎಲ್ಲವೂ ಹೆಂಗಸರದ್ದು. ತರಬೇತಿಗೆ ಹೋಗುವುದು ಗಂಡಸರು. ಕರೆ ಬರುವುದು ಪಹಣಿಯಲ್ಲಿ ಹೆಸರಿರುವವರಿಗೆ. ಪಹಣಿ ನಮ್ಮ ಮಾವನವರ ಹೆಸರಲ್ಲಿದೆ, ಅವರು ಹೊಲಕ್ಕೆ ಬಂದು ವರ್ಷಗಳಾದವು. ಒಂದು ಸಲ ಒಂದು ತರಬೇತಿಯಲ್ಲಿ ನನ್ನ ಹೆಸರು ಬರೆದುಕೊಳ್ಳಲು ಹಿಂದೆಮುಂದೆ ನೋಡಿದರು, ರೈತರ ನೋಂದಣಿ ಸಂಖ್ಯೆ ನನ್ನದಲ್ಲ ಅಂತ. ಸರಿ, ಹೆಸರು ಬೇಡ, ಕೂತುಕೊಳ್ಳುತ್ತೇನೆ ಅಂದೆ. ಊಟದ ಲೆಕ್ಕ ತಪ್ಪುತ್ತದಂತೆ. ಬುತ್ತಿ ತಂದಿದ್ದೇನೆ ಅಂದ ಮೇಲೆ ಬಿಟ್ಟರು. ಹೊತ್ತಿನದೂ ಅಷ್ಟೇ. ಹಾಲು ಕರೆದು ಡೇರಿಗೆ ಹಾಕಿ, ಮಕ್ಕಳನ್ನು ಸ್ಕೂಲಿಗೆ ಕಳಿಸಿದ ಮೇಲೆ ಒಂಬತ್ತರಿಂದ ಹನ್ನೆರಡು ಒಂದು ಹೆಂಗಸಿಗೆ ಸಿಗುವ ಹೊತ್ತು. ಸಂಜೆ ಐದಕ್ಕೆ ಹಸು ಕೂಗುತ್ತದೆ. ಮಾಲೂರಿನಲ್ಲೋ ಕೋಲಾರದಲ್ಲೋ ಹನ್ನೊಂದರಿಂದ ಐದರವರೆಗೆ ಇಟ್ಟರೆ ನಾವು ಬರುವುದಿಲ್ಲ ಅಂತ ಗೊತ್ತಿದ್ದೇ ಇಟ್ಟ ಹಾಗೆ.

ಅಂದಮಾತ್ರಕ್ಕೆ ಒಳ್ಳೆಯ ಜಾಗಗಳಿಲ್ಲ ಅಂತಲ್ಲ. ಕೃಷಿ ವಿಜ್ಞಾನ ಕೇಂದ್ರಗಳು ದೇಶದಲ್ಲಿ ಏಳುನೂರಕ್ಕೂ ಹೆಚ್ಚಿವೆ. ಮೊದಲನೆಯದು 1974ರಲ್ಲಿ ಪುದುಚೇರಿಯಲ್ಲಿ ಶುರುವಾಗಿದ್ದು. ನಮ್ಮ ಜಿಲ್ಲೆಯದು ಕೋಲಾರದ ಟಮಕದಲ್ಲಿದೆ. ಅಲ್ಲಿಗೆ ಸುಮ್ಮನೆ ಹೋಗಬೇಡಿ, ರೋಗ ಬಿದ್ದ ಗಿಡವನ್ನು ಬೇರು ಸಮೇತ ಕಿತ್ತು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಹೋಗಿ. ಗಿಡ ಕೈಯಲ್ಲಿದ್ದರೆ ಮಾತು ಬೇರೆಯೇ ಆಗುತ್ತದೆ. ವಾರಗಟ್ಟಲೆ ಇದ್ದು ಕಲಿಯಬೇಕು ಅನ್ನುವವರಿಗೆ ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟ್ ಅನ್ನುವ ಸ್ವಂತ ಉದ್ಯೋಗದ ತರಬೇತಿ ಸಂಸ್ಥೆ ಇದೆ, ಊಟ ವಸತಿ ಎಲ್ಲ ಉಚಿತ. ಆ ಮಾದರಿಯನ್ನೇ ನೋಡಿ ಈಗ ಬ್ಯಾಂಕುಗಳು ಜಿಲ್ಲೆಗೊಂದರಂತೆ ತರಬೇತಿ ಸಂಸ್ಥೆ ನಡೆಸುತ್ತಿವೆ. ಹೈನು, ಜೇನು, ಅಣಬೆಗೆ ಅವು ನಿಜಕ್ಕೂ ಚೆನ್ನಾಗಿವೆ. ಹೆಸರಘಟ್ಟದಲ್ಲಿ ಪ್ರೋಟ್ರೇ ಅನ್ನುವ ಗುಳಿಗುಳಿಯ ಪ್ಲಾಸ್ಟಿಕ್ ತಟ್ಟೆಯಲ್ಲಿ ತೆಂಗಿನ ನಾರಿನ ಪುಡಿ ತುಂಬಿ ಸಸಿ ಮಾಡುವುದನ್ನು ನೋಡಿ ಬಂದು, ಹಳ್ಳಿಯಲ್ಲೇ ನರ್ಸರಿ ಇಟ್ಟು ಗೆದ್ದವರು ಮಾಲೂರು ಸುತ್ತ ಇದ್ದಾರೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಸಾವಯವ ಕೃಷಿಕ ಎಲ್. ನಾರಾಯಣ ರೆಡ್ಡಿಯವರು 2019ರಲ್ಲಿ ತೀರಿಕೊಳ್ಳುವವರೆಗೂ ತಮ್ಮ ತೋಟವನ್ನೇ ಪಾಠಶಾಲೆ ಮಾಡಿಕೊಂಡಿದ್ದರು. ರೈತ ರೈತನಿಗೆ ಕಲಿಸಬಹುದು ಅನ್ನುವುದಕ್ಕೆ ನಮ್ಮ ಕಡೆ ಎಲ್ಲರೂ ಹೇಳುವ ಹೆಸರು ಅವರದೇ.

ಆದರೆ ನಮ್ಮಲ್ಲಿ ನಿಜವಾಗಿ ದಿನಾ ನಡೆಯುವ ಪಾಠಶಾಲೆ ಯಾವುದು ಅಂತ ಕೇಳಿದರೆ ಔಷಧಿ ಅಂಗಡಿ. ಎಲೆ ಕಿತ್ತುಕೊಂಡು ಹೋಗಿ ಕೌಂಟರ್ ಮೇಲೆ ಇಡುತ್ತಾರೆ. ಅಂಗಡಿಯವರು ಒಂದು ಕ್ಷಣ ನೋಡಿ ಮೂರು ಬಾಟಲಿ ಇಡುತ್ತಾರೆ, ಒಂದು ಹುಳುವಿಗೆ, ಒಂದು ರೋಗಕ್ಕೆ, ಒಂದು ‘ಟಾನಿಕ್’. ಸಾಲವೂ ಅವರದೇ, ಸಲಹೆಯೂ ಅವರದೇ. ಅವರನ್ನು ಬೈದು ಉಪಯೋಗವಿಲ್ಲ; ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ ಬಾಗಿಲು ತೆರೆದಿರುವ, ಕನ್ನಡದಲ್ಲೂ ತೆಲುಗಿನಲ್ಲೂ ಮಾತಾಡುವ ಸಲಹೆಗಾರರು ಇನ್ಯಾರಿದ್ದಾರೆ? ಹೈದರಾಬಾದಿನಲ್ಲಿರುವ, ಕೃಷಿ ವಿಸ್ತರಣೆಯ ತರಬೇತಿ ಕೊಡುವ ಕೇಂದ್ರ ಸರ್ಕಾರದ ಮ್ಯಾನೇಜ್ ಸಂಸ್ಥೆಯವರು ಇದನ್ನು ಅರ್ಥ ಮಾಡಿಕೊಂಡೇ 2003ರಲ್ಲಿ ಅಂಗಡಿಯವರಿಗೇ ಒಂದು ವರ್ಷದ ಡಿಪ್ಲೊಮಾ ಶುರು ಮಾಡಿದರು. ವಾರಕ್ಕೊಂದು ದಿನ ತರಗತಿ, ಮಧ್ಯೆ ಹೊಲ ಸುತ್ತಾಟ.

ನಾವು ಈಗ ಏಳೆಂಟು ಮನೆಯ ಹೆಂಗಸರು ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ನನ್ನ ತಾಕಿನಲ್ಲಿ ಸೇರುತ್ತೇವೆ. ಸೇರುವವರು ಬುತ್ತಿ, ನೋಟ್‌ಬುಕ್, ಕುಡುಗೋಲು ತರಬೇಕು. ಫೀಸಿಲ್ಲ, ಮೂರು ವಾರ ತಪ್ಪಿಸಿದವರಿಗೆ ಜಾಗವಿಲ್ಲ. ಬೆಂಗಳೂರಿನವರು ಬಂದರೂ ಇದೇ ನಿಯಮ, ಕಾರು ರಸ್ತೆಯಲ್ಲೇ ನಿಲ್ಲಿಸಬೇಕು, ಡ್ರೋನ್ ಹಾರಿಸಬಾರದು. ಮುಂದಿನ ಗುಂಪು ಅವರೆ ಹೂ ಬಿಡುವ ಹೊತ್ತಿಗೆ ಶುರು, ಬಾಟಲಿ ಪಾಠಕ್ಕೆ ಹೇನು ಬೇಕಲ್ಲ.

ಈ ಸಲ ಔಷಧಿ ಅಂಗಡಿಯವರನ್ನೂ ಕರೆಯೋಣ ಅಂತ ನಾನು ಅಂದಿದ್ದಕ್ಕೆ ಎರಡು ವಾರದಿಂದ ವಾದ ನಡೆಯುತ್ತಿದೆ. “ಅವನು ಬಂದು ಅಲ್ಲೇ ಬಾಟಲಿ ಮಾರ್ತಾನೆ ಕಣಕ್ಕ” ಅಂತ ಒಬ್ಬಳು. “ಬರಲಿ ಬಿಡೆ, ನಮ್ಮ ಬಾಟಲಿ ಅವನೂ ನೋಡಲಿ” ಅಂತ ನಮ್ಮತ್ತೆ. ಮೊನ್ನೆ ಸಾಲ ಕಟ್ಟಲು ಹೋದಾಗ ಅಂಗಡಿಯಲ್ಲೇ ಕೇಳಿಬಿಟ್ಟೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಅಂಗಡಿ ಬಾಗಿಲು ತೆಗೆಯುವುದೇ ಒಂಬತ್ತಕ್ಕೆ, ಎಂಟಕ್ಕೆ ಇಟ್ಟುಕೊಂಡರೆ ಬರುತ್ತೇನೆ ಅಂದರು. ಎಂಟಕ್ಕೆ ನಮ್ಮ ಡೇರಿ ಕ್ಯಾನ್ ಲಾರಿ ಬಂದಿರುತ್ತದೆ. ಏನು ಮಾಡುವುದು ಅಂತ ಈ ಶುಕ್ರವಾರ ತೀರ್ಮಾನ ಮಾಡಬೇಕು.